ಬೀರಯ್ಯ ಮೇಷ್ಟ್ರು ಬೀಳಿಸಿದ ಹೂವು

ಹುಣಸೂರಿನಲ್ಲಿ ಒಂದು ಕಾಲಕ್ಕೆ ಲೋಯರ್ ಸೆಕೆಂಡರಿ ಪಾಸು ಮಾಡಲು ಎರಡು ದಾರಿಗಳಿದ್ದವು. ಒಂದು, ತಲೆ ಇರಬೇಕು. ಇನ್ನೊಂದು, ಬೀರಯ್ಯ ಮೇಷ್ಟ್ರ ಜಗಲಿ ಸೇರಬೇಕು. ತಲೆ ಇದ್ದವರೂ ಎರಡನೆಯ ದಾರಿಯನ್ನೇ ಹಿಡಿಯುತ್ತಿದ್ದರು ಅಂದಮೇಲೆ ಮೇಷ್ಟ್ರ ಹೆಸರು ಎಂಥದ್ದು ಅಂತ ನೀವೇ ತಿಳಿದುಕೊಳ್ಳಿ. ನೇಗಿಲು ಹಿಡಿಯುವವರ ಮಕ್ಕಳಿಗೂ ಸರ್ಕಾರದ ಕೆಲಸ ಸಿಗುತ್ತದಂತೆ ಅಂತ ಮೈಸೂರಿನಿಂದ ಸುದ್ದಿ ಬಂದಿದ್ದ ವರ್ಷಗಳು ಅವು. ಆ ಪರೀಕ್ಷೆಯ ಕಾಗದ ಒಂದು ಕೈಗೆ ಬಂದರೆ ಕಾಡು ಕಾಯುವ ಗಾರ್ಡಾಗಬಹುದು, ಅಬಕಾರಿ ಪೇದೆಯಾಗಬಹುದು, ಏನೂ ಇಲ್ಲವೆಂದರೆ ಹಳ್ಳಿಯ ಮೇಷ್ಟ್ರಾಗಿ ಬೆತ್ತ ಹಿಡಿಯಬಹುದು. ಪಿರಿಯಾಪಟ್ಟಣ, ಎಡತೊರೆ, ಕೋಟೆ, ಸರಗೂರು, ಎಲ್ಲ ಕಡೆಯಿಂದಲೂ ಮೀಸೆ ಚಿಗುರುತ್ತಿದ್ದ ಹುಡುಗರು ರಾಗಿ ಹಿಟ್ಟಿನ ಗಂಟು ಹೊತ್ತುಕೊಂಡು ಹುಣಸೂರಿಗೆ ನಡೆದು ಬರುತ್ತಿದ್ದರು.

ಮೇಷ್ಟ್ರ ಪೂರ್ತಿ ಹೆಸರು ಸಣ್ಣಬೀರಯ್ಯ. ಹನಗೋಡಿನ ಕಂಬಳಿ ನೇಯುವ ಮನೆಯ ಮಗ. ತಾನೂ ಅದೇ ಪರೀಕ್ಷೆಗೆ ಮೂರು ಸಲ ಕೂತು ಮೂರನೆಯ ಸಲ ದಡ ಸೇರಿದವನು. ಪಾಸಾದಮೇಲೆ ಪೊಲೀಸಿಗೆ ಎದೆಯ ಅಳತೆ ಸಾಲಲಿಲ್ಲ, ಅಬಕಾರಿಗೆ ಶಿಫಾರಸು ಸಾಲಲಿಲ್ಲ. ಊರಿಗೆ ವಾಪಸು ಹೋಗಿ ಮಗ್ಗದ ಮುಂದೆ ಕೂರುವುದಕ್ಕೆ ಮುಖವಿಲ್ಲದೆ, ಹುಣಸೂರಿನ ಗಾಡಿ ಮಾಡುವ ಗೌಸ್ ಸಾಹೇಬರ ಅಂಗಳದಲ್ಲಿ ಮರದ ಲೆಕ್ಕ ಬರೆದುಕೊಂಡಿದ್ದ. ಗೌಸ್ ಚಕ್ರ ಕೂಡಿಸುವುದರಲ್ಲಿ ಎತ್ತಿದ ಕೈ; ಅಕ್ಷರದಲ್ಲಿ ಮಾತ್ರ ಸೊನ್ನೆ. ಒಂದು ದಿನ ಆತನೇ ಅಂದ:

"ಬೀರಯ್ಯ, ಮೂರು ದಫಾ ಬಿದ್ದೋನಿಗೆ ಯಾವ ಯಾವ ಜಾಗದಲ್ಲಿ ಗುಂಡಿ ಅದೆ ಅಂತ ಗೊತ್ತಿರ್ತದೆ. ಒಂದೇ ದಫಾ ಪಾಸಾದೋರಿಗೆ ಏನು ಗೊತ್ತು? ನೀನು ಯಾಕೆ ಪಾಠ ಹೇಳಬಾರದು? ನನ್ನ ಜಗಲಿ ಖಾಲಿ ಬಿದ್ದದೆ."

ಹಾಗೆ ಶುರುವಾಯಿತು. ಮೊದಲನೆಯ ವರ್ಷ ಆರು ಹುಡುಗರು. ಬೀರಯ್ಯ ಜೀವ ತೇದು ಪಾಠ ಹೇಳಿದ. ನಾಲ್ವರು ಪಾಸಾದರು, ಇಬ್ಬರು ಬಿದ್ದರು. ಪಾಸಾದ ನಾಲ್ವರ ಮನೆಯವರು ಮಕ್ಕಳ ಬುದ್ಧಿ ಅಂದರು. ಬಿದ್ದ ಇಬ್ಬರ ಮನೆಯವರು ಮೇಷ್ಟ್ರ ತಪ್ಪು ಅಂದರು. ಅದರಲ್ಲಿ ಒಬ್ಬ ಪಿರಿಯಾಪಟ್ಟಣದ ಕಡೆಯ ಪಟೇಲ. ಸಂತೆಯ ದಿನ ನಡುಬೀದಿಯಲ್ಲಿ ನಿಂತು, ಎಕ್ಕಡ ಕೈಯಲ್ಲಿ ಹಿಡಿದು, "ಮೂರು ಸಲ ಪಲ್ಟಿ ಹೊಡೆದ ಬಡ್ಡಿಮಗ ನಮ್ಮ ಹೈದಂಗೂ ಪಲ್ಟಿ ಹೊಡೆಯೋದ ಕಲಿಸವ್ನೆ" ಅಂತ ಕೂಗಾಡಿದ. ಸೊಪ್ಪು ಮಾರುವ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ಬೀರಯ್ಯ ಗೌಸನ ಅಂಗಳದಲ್ಲಿ ಮರದ ದಿಮ್ಮಿಗಳ ಹಿಂದೆ ಬಚ್ಚಿಟ್ಟುಕೊಂಡು ಸಂಜೆಯವರೆಗೂ ಹೊರಗೆ ಬರಲಿಲ್ಲ. ಅವಮಾನ ಅಂದರೆ ಏನು ಅಂತ ತನಗೆ ಅವತ್ತು ಗೊತ್ತಾಯಿತು ಅಂದುಕೊಂಡ. ಪಾಪ, ಅದು ಬರೀ ಅ ಆ ಇ ಈ.

ಮರುವರ್ಷ ಪುಟ್ಟತಾಯಮ್ಮ ಅನ್ನುವ ವಿಧವೆಯ ಮಗ ಪಾಠಕ್ಕೆ ಬಂದ. ಪರೀಕ್ಷೆಗೆ ಅರ್ಜಿ ಹಾಕುವ ಮುಂಚೆ ಆ ತಾಯಿ ಹೊಳೆದಂಡೆಯ ಮಾರಮ್ಮನ ಗುಡಿಯಲ್ಲಿ ಹೂ ಕೇಳಿಸಿದಳು. ನಮ್ಮ ಕಡೆ ಹೆಣ್ಣು ತರುವುದಕ್ಕೆ, ಬಾವಿ ತೋಡುವುದಕ್ಕೆ, ಎತ್ತು ಕೊಳ್ಳುವುದಕ್ಕೆ, ಎಲ್ಲದಕ್ಕೂ ದೇವರ ಹತ್ತಿರ ಹೂ ಕೇಳುವುದುಂಟು. ಪೂಜಾರಿ ಅಮ್ಮನ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ ಗಂಟೆ ಅಲ್ಲಾಡಿಸುತ್ತಾನೆ. ಬಲಗಡೆಯದು ಬಿದ್ದರೆ ಅಪ್ಪಣೆ ಆಯಿತು. ಎಡಗಡೆಯದು ಬಿದ್ದರೆ ಬೇಡ. ಬೇಡ ಅಂದಮೇಲೆ ಯಾರೂ ಅಮ್ಮನ ಹತ್ತಿರ ಚೌಕಾಸಿ ಮಾಡುವುದಿಲ್ಲ. ಪುಟ್ಟತಾಯಮ್ಮನಿಗೆ ಎಡಗಡೆ ಬಿತ್ತು. ಅವಳು ಕಣ್ಣು ಒರೆಸಿಕೊಂಡು ಬಂದು, "ನೀವೇನೋ ಪಾಡು ಬಿದ್ರಿ ಮೇಷ್ಟ್ರೇ, ಅಮ್ಮಂಗೆ ಒಪ್ಪಿಗೆ ಇಲ್ಲ, ಏನ್ ಮಾಡಾಕಾಯ್ತದೆ" ಅಂತ ಕೈಮುಗಿದು, ಮಗನನ್ನು ಕರೆದುಕೊಂಡು ಹೊರಟುಹೋದಳು. ಒಂದು ಬೈಗುಳ ಇಲ್ಲ, ಒಂದು ಎಕ್ಕಡ ಇಲ್ಲ. ಮೇಲೊಂದು ನಮಸ್ಕಾರ ಬೇರೆ.

ಬೀರಯ್ಯ ಆ ನಮಸ್ಕಾರವನ್ನು ನೋಡುತ್ತ ಕೂತ. ಆ ಹುಡುಗ ಹೇಗೂ ಪಾಸಾಗುವವನಲ್ಲ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಅಮ್ಮ ಎಷ್ಟು ಚೆನ್ನಾಗಿ ಹೇಳಿದಳು, ತಾನು ಹೇಳಿದ್ದರೆ ಜಗಳವಾಗುತ್ತಿತ್ತು, ಅನ್ನಿಸಿತು. ಕೆಟ್ಟ ಆಲೋಚನೆಗಳೆಲ್ಲ ಬರುವುದು ಹೀಗೇ, ಒಳ್ಳೆಯ ಆಲೋಚನೆಯ ಅಂಗಿ ತೊಟ್ಟುಕೊಂಡು.

ಆ ಗುಡಿಯ ಪೂಜಾರಿ ಚಿಕ್ಕಮಾದಯ್ಯ. ಬಡಪಾಯಿ, ಕೆಟ್ಟವನಲ್ಲ. ಬೀರಯ್ಯ ಅವನ ಮುಂದೆ ಸುತ್ತುಬಳಸಿ ಮಾತು ತೆಗೆದ: ದಡ್ಡ ಹುಡುಗರು ಪರೀಕ್ಷೆಗೆ ಹೋಗಿ ಮಾನ ಕಳೆದುಕೊಳ್ಳುವುದಕ್ಕಿಂತ ಮೊದಲೇ ನಿಲ್ಲಿಸಿದರೆ ಅವರಿಗೇ ಒಳ್ಳೆಯದಲ್ಲವೇ, ಅಮ್ಮನೂ ಅದನ್ನೇ ಅಲ್ಲವೇ ಬಯಸುವುದು. ಚಿಕ್ಕಮಾದಯ್ಯ ತಲೆ ಕೆರೆದುಕೊಂಡ. ವರ್ಷಕ್ಕೊಂದು ಜೊತೆ ಪಂಚೆ ಅಂತ ಮಾತಾಯಿತು. ಉಪಾಯ ಸುಲಭ. ಗಂಧ ಹಚ್ಚಿದ ಹೂವು ನಿಲ್ಲುತ್ತದೆ. ಬರೀ ನೀರು ಸೋಕಿಸಿದ್ದು ಗಂಟೆಯ ಅಲುಗಾಟಕ್ಕೇ ಬೀಳುತ್ತದೆ. ಯಾವ ಹುಡುಗನಿಗೆ ಯಾವ ಕಡೆ ಅಂತ ಪೂಜಾರಿಗೆ ತಿಳಿಯಬೇಕಲ್ಲ, ಅದಕ್ಕೆ ತೆಂಗಿನಕಾಯಿ. ಪ್ರತಿ ಹುಡುಗನ ಕಾಯನ್ನೂ ಮೇಷ್ಟ್ರೇ ಪೂಜಾರಿಯ ಕೈಗೆ ಕೊಡುವುದು. ಜುಟ್ಟು ಪೂಜಾರಿಯ ಕಡೆಗಿದ್ದರೆ ಬಲ. ಜುಟ್ಟು ಮೇಷ್ಟ್ರ ಕಡೆಗಿದ್ದರೆ ಎಡ.

ಅರ್ಜಿ ಹಾಕುವ ಮುಂಚೆ ಜಗಲಿಯ ಹುಡುಗರೆಲ್ಲ ಹೂ ಕೇಳಲೇಬೇಕು ಅಂತ ಬೀರಯ್ಯ ಕಟ್ಟಳೆ ಮಾಡಿದ. ಆಮೇಲೆ ಪ್ರತಿ ವರ್ಷ ಪರೀಕ್ಷೆಗೆ ಕೂತ ಅವನ ಶಿಷ್ಯರೆಲ್ಲ ಪಾಸು. ಎಂಟಕ್ಕೆ ಎಂಟು, ಹತ್ತಕ್ಕೆ ಹತ್ತು. ಅಮಲ್ದಾರರ ಕಚೇರಿಗೆ ಫಲಿತಾಂಶದ ಗೆಜೆಟ್ಟು ಬಂದ ದಿನ ಜನ ಜಗಲಿಯ ಮುಂದೆ ಸೇರುತ್ತಿದ್ದರು. "ಅವರ ಹತ್ರ ಮಾರಮ್ಮನೇ ಬಂದು ಕುಂತು ಪಾಠ ಏಳ್ತಾಳಂತೆ" ಅಂತ ಸುತ್ತಲ ಹಳ್ಳಿಗಳಲ್ಲಿ ಮಾತಾಯಿತು. ಜಗಲಿ ಸಾಲದೆ ಹೆಂಚಿನ ಮನೆ ಬಂತು, ಮನೆ ಸಾಲದೆ ಹಿಂದೆ ಚಪ್ಪರ ಬಂತು, ಪಾಠಕ್ಕೆ ಇನ್ನಿಬ್ಬರು ಮೇಷ್ಟ್ರುಗಳು ಬಂದರು. ಎಕ್ಕಡ ಹಿಡಿದಿದ್ದ ಅದೇ ಪಟೇಲ ಎರಡನೆಯ ಮಗನನ್ನು ತಂದು ಬಿಟ್ಟು, ಹಲ್ಲು ಕಿರಿದು, ಒಂದು ಗೊನೆ ಬಾಳೆಹಣ್ಣು ಇಟ್ಟು ಹೋದ. ಬೀರಯ್ಯನಿಗೆ ಪೇಟ, ಕೋಟು, ಕೈಯಲ್ಲೊಂದು ಬೆಳ್ಳಿ ಹಿಡಿಯ ಬೆತ್ತ ಬಂದವು. ಊರವರು ಏಕವಚನ ಬಿಟ್ಟು ಬಹುವಚನ ಹಿಡಿದರು. ಅವರು ಹಿಡಿದಮೇಲೆ ನಾವೂ ಹಿಡಿಯೋಣ.

ಒಬ್ಬ ಗೌಸ್ ಮಾತ್ರ ಅದಕ್ಕೆ ತಲೆದೂಗಲಿಲ್ಲ. ಹೂ ಕೇಳುವ ದಿನ ಎಂಥ ಹುಡುಗರು ಅಳುತ್ತ ಬರುತ್ತಾರೆ ಅನ್ನುವುದನ್ನು ಆತ ಎರಡು ಮೂರು ವರ್ಷ ಸುಮ್ಮನೆ ನೋಡಿದ. ಆಮೇಲೆ ಒಂದು ದಿನ ಅಚ್ಚುಮರ ಕೆತ್ತುತ್ತ, ತಲೆ ಎತ್ತದೆಯೇ ಹೇಳಿದ:

"ಮೇಷ್ಟ್ರೇ, ನಿಮ್ಮ ಅಮ್ಮನ ಹಿಸಾಬು ಭಾಳ ಸಾಫ್ ಅದೆ. ಲೆಕ್ಕದಾಗೆ ಕಚ್ಚಾ ಇರೋರಿಗೇ ಎಡಗಡೆ ಕೊಡ್ತಾಳೆ. ನಾನು ಬಿರುಕು ಬಿಟ್ಟ ಮರ ಕಂಡ್ರೆ, ಬಿರುಕದೆ ಅಂತೀನಿ. ಅಲ್ಲಾ ಬೇಡ ಅಂದ ಅನ್ನಲ್ಲ."

ಬೀರಯ್ಯನವರು ಕೇಳಿಸದವರ ಹಾಗೆ ಪೇಟ ಸರಿಮಾಡಿಕೊಂಡರು. ಮರುದಿನದಿಂದ ಗೌಸನ ಅಂಗಳದ ಮುಂದೆ ಹಾಯುವುದನ್ನು ಬಿಟ್ಟು ಹಿಂದಿನ ಓಣಿಯಲ್ಲಿ ತಿರುಗಾಡತೊಡಗಿದರು. ಹೂವನ್ನು ಮಾತ್ರ ಬಿಡಲಿಲ್ಲ.

ಮಾದೇವ ಬಂದದ್ದು ಸಾವಿರದ ಒಂಬೈನೂರ ಇಪ್ಪತ್ತನಾಲ್ಕರಲ್ಲಿ. ಹಂಪಾಪುರದ ಕಡೆಯವನು, ಹದಿನೆಂಟರ ಹುಡುಗ, ಉದ್ದ ಕತ್ತು. ಚಪ್ಪರದ ಮೂಲೆಯಲ್ಲಿ ಮೂರು ಕಲ್ಲಿಟ್ಟು ತಾನೇ ಮುದ್ದೆ ತೊಳಸಿಕೊಳ್ಳುತ್ತಿದ್ದ. ಓದಿಸಿದರೆ ಗಂಟೆ ಹೊಡೆದ ಹಾಗೆ ಓದುತ್ತಿದ್ದ. ಪದ್ಯ ಒಂದು ಸಲ ಕೇಳಿದರೆ ಸಾಕು. ಲೆಕ್ಕದಲ್ಲಿ ಮಾತ್ರ ಕಷ್ಟ. ಬಡ್ಡಿ ಲೆಕ್ಕ ಬಂದರೆ ಅವನ ಮುಖ ಸಗಣಿ ಮೆಟ್ಟಿದವನ ಹಾಗೆ ಆಗುತ್ತಿತ್ತು. ಬೀರಯ್ಯನವರು ಅವನ ಅಭ್ಯಾಸದ ಉತ್ತರಗಳನ್ನು ಎರಡು ಸಲ ತಿದ್ದಿದರು. ಒಂದು ಸಲ ಪಾಸಾಗುವಷ್ಟು ಬಂತು, ಒಂದು ಸಲ ಬರಲಿಲ್ಲ. ಪಾಸಾದರೂ ಆದಾನು, ಆಗದೆಯೂ ಇದ್ದಾನು. ಇನ್ನೊಂದು ಎರಡು ತಿಂಗಳು ಲೆಕ್ಕಕ್ಕೇ ಕೂರಿಸಿದ್ದರೆ ಖಂಡಿತ ಆಗುತ್ತಿದ್ದ. ಅಷ್ಟು ಹೊತ್ತು ಅವರಿಗೆಲ್ಲಿತ್ತು? ಆ ವರ್ಷ ಗಟ್ಟಿ ಹುಡುಗರು ಹತ್ತು ಜನ ಇದ್ದರು. ಇವನೊಬ್ಬ ಹನ್ನೊಂದನೆಯವನು. ಇವನು ಬಿದ್ದರೆ ಆರು ವರ್ಷದ ಹೆಸರಿಗೆ ಮಸಿ.

ಮಾದೇವನ ಕಾಯಿ ಕೈಗೆ ಬಂದಾಗ ಮೇಷ್ಟ್ರು ಒಂದು ಗಳಿಗೆ ತಡೆದರು. ಆಮೇಲೆ ಜುಟ್ಟನ್ನು ತಮ್ಮ ಕಡೆಗೆ ತಿರುಗಿಸಿದರು.

ಹೂವು ಎಡಕ್ಕೆ ಬಿತ್ತು. ಮಾದೇವ ಅಳಲಿಲ್ಲ. ಅಮ್ಮನಿಗೆ ಅಡ್ಡಬಿದ್ದ, ಮೇಷ್ಟ್ರಿಗೂ ಅಡ್ಡಬಿದ್ದ. "ನಮ್ಮ ಮನೆತನಕ್ಕೆ ಅಕ್ಸರ ಬ್ಯಾಡ ಅಂದ್ಬುಟ್ಲು ತಾಯಿ. ಗೊತ್ತಾಯ್ತಲ್ಲ, ಬುಡಿ" ಅಂದ. ಮೇಷ್ಟ್ರು ಮನೆತನ ಅಂದಿರಲಿಲ್ಲ, ಈ ವರ್ಷ ಅಂತ ಮಾತ್ರ ಅವರ ಮನಸ್ಸಿನಲ್ಲಿದ್ದದ್ದು. ಆದರೆ ಹೂವು ಇಷ್ಟೇ ವರ್ಷಕ್ಕೆ ಅಂತ ವಾಯಿದೆ ಹೇಳುವುದಿಲ್ಲವಲ್ಲ. ತಿದ್ದಿ ಹೇಳಬಹುದಾಗಿತ್ತು. ತಿದ್ದಲಿಲ್ಲ. ಹುಡುಗ ಪುಸ್ತಕಗಳನ್ನು ಗೆಳೆಯರಿಗೆ ಹಂಚಿ, ಸಂಜೆಯ ಹೊತ್ತಿಗೆ ಊರಿನ ದಾರಿ ಹಿಡಿದ. ಆ ವರ್ಷ ಹತ್ತಕ್ಕೆ ಹತ್ತು ಪಾಸು.

ಹದಿಮೂರು ವರ್ಷ ಕಳೆಯಿತು. ಹಂಪಾಪುರದ ನಾಲ್ಕು ಜನ ದೊಡ್ಡವರು ಸೇರಿ, ತಮ್ಮ ಊರಿನಲ್ಲೂ ಒಂದು ಪಾಠದ ಮನೆ ತೆರೆಯಬೇಕು, ಜಾಗ ತಾವು ಕೊಡುತ್ತೇವೆ ಅಂತ ಹೇಳಿಕಳಿಸಿದರು. ಬೀರಯ್ಯನವರಿಗೆ ಹಿಗ್ಗೋ ಹಿಗ್ಗು. ಜರಿಯಂಚಿನ ಪೇಟ ಸುತ್ತಿಕೊಂಡು ಕೋಟೆಗೆ ಹೋಗಿ, ಅಲ್ಲಿಂದ ಮೈಸೂರಿನ ಮೋಟಾರು ಹತ್ತಿ ಹಂಪಾಪುರದಲ್ಲಿ ಇಳಿದರು.

ಇಳಿದವರ ಕಣ್ಣಿಗೆ ಮೊದಲು ಬಿದ್ದದ್ದು ಒಂಬತ್ತು ವರ್ಷದ ಒಂದು ಹುಡುಗಿ. ಮೋಟಾರಿನ ಪಕ್ಕದಲ್ಲಿ ಬಣ್ಣದಲ್ಲಿ ಬರೆದಿದ್ದ ಅಕ್ಷರಗಳನ್ನು ಬೆರಳಿನಿಂದ ಗಾಳಿಯಲ್ಲಿ ತಿದ್ದುತ್ತ, "ಮೈ... ಸೂ... ರು" ಅಂತ ಕೂಡಿಸುತ್ತಿದ್ದಳು. ಹಿಂದೆ ಸೌದೆ ಹೊರೆ ಇಳಿಸುತ್ತಿದ್ದ ಅವಳ ಅಪ್ಪ ಅದನ್ನು ಕೇಳಿದ್ದೇ ಓಡಿ ಬಂದು, ಹೆಗಲ ಟವೆಲ್ಲನ್ನು ಅವಳ ಕಣ್ಣಿಗೆ ಒತ್ತಿ ಹಿಡಿದ. ಹೊಡೆಯಲಿಲ್ಲ, ಬೈಯಲಿಲ್ಲ. ಹಾವು ಕಂಡವನ ಹಾಗೆ ಹೆದರಿ ಬೆವತಿದ್ದ.

"ಬ್ಯಾಡ ಕಣವ್ವ, ಬ್ಯಾಡ. ಅತ್ಲಾಗೆ ತಿರುಕ್ಕೊ. ನೋಡ್ಬ್ಯಾಡ."

ಆ ಉದ್ದ ಕತ್ತನ್ನು ಮೇಷ್ಟ್ರು ಗುರುತು ಹಿಡಿದರು. ಅವನೂ ಹಿಡಿದ. ಮಗಳ ಕಣ್ಣಿನಿಂದ ಕೈ ತೆಗೆಯದೆಯೇ ತಲೆ ಬಾಗಿಸಿದ. "ನೀವಾ ಮೇಷ್ಟ್ರೇ! ನಮ್ಮೂರ್ಗೆ ಬಂದ್ರಾ?"

"ಅದ್ಯಾಕೋ ಮಾದೇವ, ಮಗೀಗೆ ಕಣ್ಣು ಮುಚ್ತೀಯ? ಓದಲಿ ಬಿಡು. ಹೆಣ್ಣು ಮಗು ಅಂತಲಾ?"

"ಅಯ್ಯೋ, ಎಣ್ಣು ಅಂತ ಅಲ್ಲ. ಪಟೇಲ್ರ ಮಗಳೂ ಓಯ್ತಾಳೆ ಇಸ್ಕೂಲ್ಗೆ, ಅವಳ್ತಾವೇ ಕದ್ದು ಕಲ್ತವ್ಳೆ ಇವ್ಳು. ನಮ್ಮ ಮನೆಗೆ ಅಕ್ಸರ ಆಗಲ್ಲ ಅಂತ ನಿಮ್ಮ ಮುಂದೇನೇ ಅಲ್ವಾ ತಾಯಿ ಎಡಗಡೆ ಕೊಟ್ಟಿದ್ದು? ನಾನು ಮಾತು ಮೀರ್ದೆ ಮೇಷ್ಟ್ರೇ. ಇವಳ್ಗಿಂತ ದೊಡ್ಡೋನು ಒಬ್ಬ ಇದ್ದ. ಚೂಟಿ ಹೈದ. ಆಸೆ ತಡೀನಾರ್ದೆ ಇಸ್ಕೂಲ್ಗೆ ಆಕ್ದೆ. ಆರೇ ತಿಂಗ್ಳು. ಸಿಡುಬು ಬಂತು. ಮಾರಮ್ಮಂದೇ ಕಾಯ್ಲೆ ಅಲ್ವಾ ಅದು? ತಾಯೇ ಬಂದು ಕರ್ಕೊಂಡೋದ್ಲು. ನಾನೇ ಕೊಂದಂಗಾಯ್ತು."

ಅದನ್ನು ಅವನು ಯಾವ ಗೋಳೂ ಇಲ್ಲದೆ, ಮಳೆ ಬಂದದ್ದನ್ನೋ ಹೋದದ್ದನ್ನೋ ಹೇಳುವ ಹಾಗೆ ಹೇಳಿದ. ಐದು ವರ್ಷ ದಿನಾ ತನಗೆ ತಾನೇ ಹೇಳಿಕೊಂಡು ಸವೆಸಿದ ಮಾತು ಅದು.

ನಿಜವನ್ನು ಮೇಷ್ಟ್ರು ಅಲ್ಲೇ ಹೇಳಬೇಕಾಗಿತ್ತು. ಹೇಳಲು ನಾಲಿಗೆ ಎದ್ದೂ ಇತ್ತು. ಅಷ್ಟರಲ್ಲಿ ಊರಿನ ನಾಲ್ಕು ಜನ ದೊಡ್ಡವರು ಹಾರ ಹಿಡಿದುಕೊಂಡು ಬರುತ್ತಿರುವುದು ಕಾಣಿಸಿತು. ನಾಲಿಗೆ ಬೇರೆ ದಾರಿ ಹಿಡಿಯಿತು. "ಇನ್ನೊಂದು ಸಲ ಹೂ ಕೇಳೋಣ ಮಾದೇವ. ಹುಣಸೂರಿಗೆ ಬಾ. ಈ ಸಲ ಬಲಗಡೆ ಕೊಟ್ಟಾಳು, ನನಗೆ ಭರವಸೆ ಇದೆ."

ಸುಳ್ಳನ್ನು ಸುಳ್ಳಿನಿಂದಲೇ ತೊಳೆಯಬಹುದು ಅಂತ ಆ ಗಳಿಗೆಯಲ್ಲಿ ನಿಜವಾಗಿಯೂ ನಂಬಿದರಲ್ಲ, ಅದಕ್ಕೆ ಏನನ್ನಬೇಕು? ಮಾದೇವ ಎರಡು ಹೆಜ್ಜೆ ಹಿಂದೆ ಸರಿದ.

"ಒಂದ್ಸಲ ಕೇಳಿ, ಅದ್ನ ಮೀರಿ ಮಗನ್ನ ಕಳ್ಕೊಂಡೆ. ತಾಯಿ ಕೊಟ್ಟ ಮಾತ್ನ ಇನ್ನೊಂದ್ಸಲ ಕೇಳಿ ಇವಳ್ನೂ ಕಳ್ಕೊಳ್ಳಾ? ಕ್ಸಮಿಸ್ಬುಡಿ ಮೇಷ್ಟ್ರೇ." ಅಂದು, ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಮೋಟಾರಿನ ಕಡೆಗೆ ಅವಳ ಬೆನ್ನಾಗುವಂತೆ ನೋಡಿಕೊಂಡು ಹೊರಟುಹೋದ.

ಹಾರ ಹಾಕಿಸಿಕೊಂಡರು, ಜಾಗ ನೋಡಿದರು, ಒಬ್ಬಟ್ಟಿನ ಊಟ ಮಾಡಿದರು. ವಾಪಸು ಬಂದ ಮೇಲೆ ಮೇಷ್ಟ್ರಿಗೆ ಪಾಠ ಹೇಳಲು ಆಗುತ್ತಿರಲಿಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ಹುಡುಗರು ಓದುವಾಗ ಟವೆಲ್ಲು ಒತ್ತಿದ ಆ ಕಣ್ಣುಗಳು ನೆನಪಾಗುತ್ತಿದ್ದವು. ಸಿಡುಬು ನಾನು ತಂದದ್ದಲ್ಲವಲ್ಲ ಅಂತ ತಮಗೆ ತಾವೇ ವಾದ ಮಾಡಿದರು. ವಾದದಲ್ಲಿ ಗೆದ್ದರು. ಆದರೂ ಒಬ್ಬ ಮನುಷ್ಯ ತಾನು ಮಾಡದ ಕೊಲೆಯನ್ನು ದಿನಾ ಹೊತ್ತು ತಿರುಗುತ್ತಿದ್ದಾನೆ, ಅದನ್ನು ಅವನ ತಲೆಯ ಮೇಲೆ ಇಟ್ಟವರು ತಾವು, ಇಳಿಸಬಲ್ಲವರು ಲೋಕದಲ್ಲಿ ತಾವೊಬ್ಬರೇ. ಇಳಿಸಿದರೆ ಇಪ್ಪತ್ತು ವರ್ಷದ ಹೆಸರು ಹೋಗುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಒಂದೂವರೆ ತಿಂಗಳು ಹೀಗೆಯೇ ತಳ್ಳಿದರು. ಹೇಡಿತನಕ್ಕೆ ನೆಪಗಳು ಕಡಿಮೆಯೇ? ಹುಡುಗರ ಅಭ್ಯಾಸ ಮುಗಿಯಲಿ, ಸಂಕ್ರಾಂತಿ ಕಳೆಯಲಿ, ನೆಗಡಿ ವಾಸಿಯಾಗಲಿ.

ಆ ವರ್ಷದ ಹೂವಿನ ದಿನ ಬಂತು. ಗುಡಿಯ ಮುಂದೆ ಹತ್ತೊಂಬತ್ತು ಹುಡುಗರು, ಅವರ ಹಿಂದೆ ಅಪ್ಪ ಅಮ್ಮಂದಿರು. ಮೊದಲು ನಿಂತಿದ್ದವನು ಸರಗೂರಿನ ಒಬ್ಬ ಮಂದ ಹುಡುಗ, ಎಡಗಡೆಯವನು. ಕಾಯಿ ಕೈಗೆ ಬಂತು. ಮೇಷ್ಟ್ರ ಕೈ ತಾನೇ ತಾನಾಗಿ ಜುಟ್ಟನ್ನು ತಮ್ಮ ಕಡೆಗೆ ತಿರುಗಿಸಿಬಿಟ್ಟಿತ್ತು. ಅಷ್ಟು ವರ್ಷದ ರೂಢಿ. ಅದನ್ನು ನೋಡಿ ಅವರಿಗೆ ತಮ್ಮ ಕೈಯ ಮೇಲೇ ಅಸಹ್ಯ ಹುಟ್ಟಿತು. ಕಾಯನ್ನು ಕೆಳಗಿಟ್ಟರು.

"ಈ ವರ್ಷ ಹೂ ಕೇಳುವುದಿಲ್ಲ. ಎಲ್ಲರೂ ಅರ್ಜಿ ಹಾಕಿ" ಅಂದರು.

ಜನ ಗುಜುಗುಜು ಅಂದರು. ಪೂಜಾರಿ ಚಿಕ್ಕಮಾದಯ್ಯ ಗಂಟೆ ಹಿಡಿದವನು ಹಿಡಿದ ಹಾಗೇ ನಿಂತ. ಯಾಕೆ ಅಂತ ಕೇಳಿದವರಿಗೆ ಮೇಷ್ಟ್ರು ಉತ್ತರ ಹೇಳಲಿಲ್ಲ. ಅಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ. ಮನೆಗೂ ಹೋಗದೆ ಕೋಟೆಯ ದಾರಿ ಹಿಡಿದರು. ತಡ ಮಾಡಿದರೆ ಮತ್ತೆ ನೆಗಡಿ ಬಂದೀತು ಅಂತ ಅವರಿಗೇ ಭಯವಿತ್ತು.

ಹಂಪಾಪುರ ಸೇರುವಾಗ ಮಾರನೆಯ ಬೆಳಿಗ್ಗೆ. ಮಾದೇವ ಕಣದಲ್ಲಿ ಎತ್ತಿಗೆ ಕಲ್ಲುಗುಂಡು ಕಟ್ಟಿ ರಾಗಿ ಹೊಡೆಸುತ್ತಿದ್ದ. ಮೇಷ್ಟ್ರು ಮೆಟ್ಟು ಬಿಟ್ಟು ಕಣದೊಳಕ್ಕೆ ಕಾಲಿಟ್ಟರು. ಅವನು ಎತ್ತು ನಿಲ್ಲಿಸಿ ಕೈಮುಗಿದ.

"ಕೈ ಇಳಿಸಪ್ಪ" ಅಂದರು. "ಮಾದೇವ, ಆ ಹೂವು ಅಮ್ಮ ಕೊಟ್ಟದ್ದಲ್ಲ. ನಾನು ಬೀಳಿಸಿದ್ದು."

"ತಮಾಸೆ ಮಾಡ್ಬೇಡಿ ಮೇಷ್ಟ್ರೇ."

ಮೇಷ್ಟ್ರು ಎಲ್ಲವನ್ನೂ ಹೇಳಿದರು. ಗಂಧ, ನೀರು, ಕಾಯಿಯ ಜುಟ್ಟು, ಪಂಚೆ, ಹನ್ನೊಂದನೆಯವನು. ಎರಡು ತಿಂಗಳು ಕೂರಿಸಿದ್ದರೆ ಅವನು ಪಾಸಾಗುತ್ತಿದ್ದ ಅನ್ನುವುದನ್ನೂ ಬಿಡಲಿಲ್ಲ. ಹೇಳುವಾಗ ಅವನ ಕಾಲುಗಳನ್ನೇ ನೋಡುತ್ತಿದ್ದರು. ಬಾಯಿಕುಕ್ಕೆ ಹಾಕದ ಎತ್ತು ಹುಲ್ಲಿಗೆ ಬಾಯಿ ಹಾಕಿತು, ಅದನ್ನು ಗದರಿಸಲೂ ಮಾದೇವನಿಗೆ ಪ್ರಜ್ಞೆ ಇರಲಿಲ್ಲ. ಹೊಡೆಯುತ್ತಾನೆ ಅಂತ ಮೇಷ್ಟ್ರು ಕಾದರು. ಹೊಡೆಯಲಿ ಅಂತಲೇ ಕಾದರು. ಒಂದು ಏಟು ಬಿದ್ದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು.

ಮಾದೇವ ಪರೀಕ್ಷೆಯ ಮಾತೇ ಎತ್ತಲಿಲ್ಲ.

"ಅಂಗಾದ್ರೆ... ನಮ್ಮ ಹೈದ? ನಾನು ಇಸ್ಕೂಲ್ಗೆ ಆಕಿದ್ದಕ್ಕಲ್ವಾ ಅವನು ಸತ್ತಿದ್ದು?"

"ಅಲ್ಲಪ್ಪ. ಆ ವರ್ಷ ಊರಲ್ಲಿ ಎಷ್ಟು ಮಕ್ಕಳಿಗೆ ಬಂದಿತ್ತು?"

"ಒಂಬತ್ತು ತೀರ್ಕೊಂಡ್ವು."

"ಅವರೆಲ್ಲ ಸ್ಕೂಲಿಗೆ ಹೋಗ್ತಿದ್ದರಾ?"

ಮಾದೇವ ಯೋಚಿಸಿದ. ಐದು ವರ್ಷದಲ್ಲಿ ಒಂದು ಸಲವೂ ಅವನು ಆ ಲೆಕ್ಕ ಹಾಕಿರಲಿಲ್ಲ. "ಇಲ್ಲ. ನಮ್ಮೋನು ಒಬ್ನೇ," ಅಂದ. ಅಂದವನು ಅಲ್ಲೇ ರಾಗಿ ಹುಲ್ಲಿನ ಮೇಲೆ ಕುಸಿದು, ಮಂಡಿಗೆ ಮುಖ ಕೊಟ್ಟು ಅತ್ತ. ಮೇಷ್ಟ್ರು ಬೆತ್ತ ಹಿಡಿದುಕೊಂಡು ನಿಂತಿದ್ದರು. ಸಮಾಧಾನ ಹೇಳುವ ಯೋಗ್ಯತೆ ತಮಗಿಲ್ಲ ಅಂತ ಅವರಿಗೆ ತಿಳಿದಿತ್ತು.

ಅತ್ತು ಮುಗಿದ ಮೇಲೆ ಮಾದೇವ ಎದ್ದು ಅವರ ಮಣಿಕಟ್ಟು ಹಿಡಿದ. ಸಿಟ್ಟಿನ ಹಿಡಿತವಲ್ಲ; ಎಲ್ಲಿ ತಪ್ಪಿಸಿಕೊಂಡು ಹೋಗುತ್ತಾರೋ ಅನ್ನುವವನ ಹಿಡಿತ. "ಬನ್ನಿ ಮನೆಗೆ. ನಮ್ಮೋಳ ಮುಂದೆ ಇನ್ನೊಂದು ದಪ ಏಳಿ."

ಅವನ ಹೆಂಡತಿ ಚಾಮುಂಡಮ್ಮ ಹಿತ್ತಲಲ್ಲಿ ಅವರೆ ಕೇರುತ್ತಿದ್ದಳು. ಮೇಷ್ಟ್ರು ಇನ್ನೊಂದು ಸಲ ಹೇಳಿದರು. ಎರಡನೆಯ ಸಲ ಸುಲಭವಾದೀತು ಅಂದುಕೊಂಡಿದ್ದರು. ಹೆಂಗಸಿನ ಮುಂದೆ ಇನ್ನೂ ಕಷ್ಟವಾಯಿತು. ಅವಳು ಮೊರ ಕೆಳಗಿಟ್ಟಳು. ಮೇಷ್ಟ್ರ ಮುಖವನ್ನು ನೋಡಲೇ ಇಲ್ಲ, ಗಂಡನನ್ನು ನೋಡಿದಳು.

"ಐದೊರ್ಸ ನಿನ್ನ ಕೂಡೆ ನೆಟ್ಗೆ ಮಾತಾಡ್ನಿಲ್ವಲ್ಲೋ ನಾನು" ಅಂದಳು. ಅಷ್ಟೇ.

ಅಲ್ಲಿಗೆ ಮುಗಿಯಿತು ಅಂತ ಮೇಷ್ಟ್ರು ಹೊರಡಲು ತಿರುಗಿದರು. ಮಾದೇವ ಮಣಿಕಟ್ಟು ಬಿಟ್ಟಿರಲಿಲ್ಲ. "ಅವ್ವಂಗೂ ಏಳ್ಬೇಕು" ಅಂದ. "ಬೀದೀಲಿ ಓಗೋರು ಬರೋರ್ಗೆಲ್ಲ, ಇವ್ನೇ ನನ್ನ ಮೊಮ್ಮಗನ್ನ ಕೊಂದ ಅಂತ ಏಳ್ಕೊಂಡು ಕುಂತಿರ್ತಾಳೆ."

ಅವನ ತಾಯಿ ಸಣ್ಣತಾಯಮ್ಮ ಬೀದಿ ಕಡೆಯ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮುದುಕಿಗೆ ಕಿವಿ ಹೋಗಿ ಎಷ್ಟೋ ವರ್ಷ. ಮೇಷ್ಟ್ರು ಬಗ್ಗಿ, ಮೆಲ್ಲಗೆ ಹೇಳಿದರು. ಅವಳು ಕೈಯನ್ನು ಕಿವಿಗಿಟ್ಟು, "ಆಂ?" ಅಂದಳು. ಸ್ವಲ್ಪ ಜೋರಾಗಿ ಹೇಳಿದರು. "ಆಂ?" ಎದುರು ಮನೆಯವರು ಬಾಗಿಲಿಗೆ ಬಂದರು. ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಂತರು. ಹಾರ ಹಾಕಿದ್ದ ದೊಡ್ಡವರಲ್ಲಿ ಇಬ್ಬರು, ಮೇಷ್ಟ್ರು ಬಂದಿದ್ದಾರೆ ಅಂತ ಕೇಳಿ ಆತುರಾತುರವಾಗಿ ಬೀದಿಯ ತಿರುವಿನಲ್ಲಿ ಬರುತ್ತಿದ್ದರು. ಮೇಷ್ಟ್ರು ಮಾದೇವನ ಕಡೆಗೆ ನೋಡಿದರು. ಅವನು, "ಇನ್ನೂ ವಸಿ ಜೋರಾಗಿ ಏಳಿ. ಅಂಗಾದ್ರೆ ಕೇಳ್ತದೆ ಅವಳ್ಗೆ" ಅಂದ. ಅವನ ದನಿಯಲ್ಲಿ ಸೇಡು ಇರಲಿಲ್ಲ. ಇದ್ದದ್ದು ಬರೀ ಆಸೆ.

ಬೀರಯ್ಯನವರು ಇಪ್ಪತ್ತು ವರ್ಷ ಪಾಠ ಹೇಳಿದ ಗಂಟಲನ್ನು ಪೂರ್ತಿ ತೆರೆದು, ಬೀದಿಯ ಆ ತುದಿಗೂ ಈ ತುದಿಗೂ ಕೇಳುವ ಹಾಗೆ ಕೂಗಿದರು: "ಅಮ್ಮ ಬೇಡ ಅನ್ನಲಿಲ್ಲ ಕಣವ್ವ! ನಾನು ಪೂಜಾರಿಗೆ ಪಂಚೆ ಕೊಟ್ಟು ಹೂವು ಸುಳ್ಳು ಬೀಳಿಸಿದೆ! ನಿನ್ನ ಮಗನದು ಏನೂ ತಪ್ಪಿಲ್ಲ!"

ಬರುತ್ತಿದ್ದ ದೊಡ್ಡವರು ನಿಂತಲ್ಲೇ ನಿಂತರು. ಮುದುಕಿ "ಆಂ?" ಅಂದಳು. ಇನ್ನೊಂದು ಸಲ ಕೂಗುವಾಗ ಮೇಷ್ಟ್ರ ಧ್ವನಿ ಒಡೆಯಿತು, ಪೇಟ ಜಾರಿ ಕತ್ತಿನ ಮೇಲೆ ಬಂತು.

ಈ ಸಲ ಅವಳಿಗೆ ಕೇಳಿಸಿತು. ಮಗನ ತಲೆಯನ್ನು ಹತ್ತಿರಕ್ಕೆ ಎಳೆದು, ಅದರ ಮೇಲೆ ಒಣ ಕೈಯನ್ನು ಇಟ್ಟಳು. ಆಮೇಲೆ ಕಣ್ಣು ಕಿರಿದು ಮಾಡಿ, ಎದುರಿಗೆ ನಿಂತವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಯಾರ್ಲಾ ಮಗ ಇವನು?"

"ನಮ್ಮ ಮೇಷ್ಟ್ರು ಕಣವ್ವ" ಅಂದ ಮಾದೇವ.